ವ್ಯವಕಲನದಲ್ಲಿ ಅಂದಾಜು: ಎರಡು ಸಂಖ್ಯೆಗಳನ್ನು ಒಟ್ಟಿಗೆ ನೋಡುವ ಅಗತ್ಯ

ಪ್ರಾಥಮಿಕ ಶಾಲೆಯ ಗಣಿತದಲ್ಲಿ ಅಂದಾಜಿಸುವಿಕೆ ಎಂದರೆ ಬಹುಮಟ್ಟಿಗೆ ಒಂದೇ ನಿಯಮ. ಬಿಡಿಸ್ಥಾನದ ಅಂಕಿ ಐದಕ್ಕಿಂತ ಕಡಿಮೆಯಿದ್ದರೆ ಹಿಂದಿನ ಹತ್ತಕ್ಕೆ, ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಂದಿನ ಹತ್ತಕ್ಕೆ ಸರಿಸಬೇಕು. ನೂರಕ್ಕೂ ಇದೇ ಕ್ರಮ. ಸಂಕಲನದ ಪಾಠದಲ್ಲಿ ಕಲಿಸಿದ ಈ ನಿಯಮವನ್ನು ವ್ಯವಕಲನಕ್ಕೂ ಹಾಗೆಯೇ ಒಯ್ಯುವುದು ರೂಢಿ. ಈ ರೂಢಿ ಸರಿಯಲ್ಲ ಎಂಬುದು ಇಲ್ಲಿನ ವಾದ. ಒಂದೊಂದು ಸಂಖ್ಯೆಯನ್ನೂ ಬೇರೆಬೇರೆಯಾಗಿ ಸರಿಸಿ ಆಮೇಲೆ ಕಳೆಯುವ ಮಗುವಿಗೆ ತನ್ನ ಅಂದಾಜು ಎಷ್ಟು ನಂಬಿಕೆಗೆ ಅರ್ಹ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಆ ತಿಳಿವಳಿಕೆ ಬರುವುದು ಎರಡೂ ಸಂಖ್ಯೆಗಳು ಯಾವ ದಿಕ್ಕಿಗೆ ಸರಿದವು ಎಂಬುದನ್ನು ಒಟ್ಟಿಗೆ ನೋಡಿದಾಗ ಮಾತ್ರ.

ಅಂದಾಜನ್ನು ಕಲಿಸಬೇಕೆನ್ನುವುದರ ಬಗ್ಗೆ ಈಗ ದೊಡ್ಡ ವಿವಾದವೇನೂ ಉಳಿದಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಅಂಗವಾಗಿ ಸಿದ್ಧವಾದ ಗಣಿತ ಬೋಧನೆಯ ನಿಲುವುಪತ್ರ ಅಂದಾಜನ್ನು ಗಣಿತದ ಮುಖ್ಯ ಪ್ರಕ್ರಿಯೆಗಳ ಸಾಲಿನಲ್ಲೇ ಇಟ್ಟಿತು. ವ್ಯವಕಲನಕ್ಕೆ ಅದು ವಿಶೇಷವಾಗಿ ಬೇಕಾಗುವುದಕ್ಕೆ ಕಾರಣ, ಇಲ್ಲಿ ಮಕ್ಕಳು ಮಾಡುವ ತಪ್ಪುಗಳ ಸ್ವರೂಪ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದಂತೆ, ಈ ತಪ್ಪುಗಳಲ್ಲಿ ಹೆಚ್ಚಿನವು ಅಜಾಗರೂಕತೆಯಿಂದ ಆದವಲ್ಲ; ಮಗು ತಪ್ಪಾದ ಒಂದು ಕ್ರಮವನ್ನು ನಿಷ್ಠೆಯಿಂದ ಪಾಲಿಸಿದ್ದರ ಫಲ. 503ರಿಂದ 287ನ್ನು ಕಳೆಯುವಾಗ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದ ಮಗು 384 ಎಂದು ಬರೆಯುತ್ತದೆ. ಐನೂರರಿಂದ ಸುಮಾರು ಮುನ್ನೂರು ಹೋದರೆ ಉಳಿಯುವುದು ಇನ್ನೂರರ ಆಸುಪಾಸು ಎಂಬ ಅರಿವು ಮೊದಲೇ ಇದ್ದರೆ ಆ ಉತ್ತರ ತಾನೇ ಅನುಮಾನ ಹುಟ್ಟಿಸುತ್ತದೆ. ಈ ಅರಿವಿಲ್ಲದೆ ಲೆಕ್ಕದ ಕ್ರಮವನ್ನಷ್ಟೇ ಕಲಿತವರ ಪಾಡು ಏನಾಗುತ್ತದೆ ಎಂಬುದಕ್ಕೆ ಅಮೆರಿಕದ 1978ರ ರಾಷ್ಟ್ರೀಯ ಮೌಲ್ಯಮಾಪನ ಸಾಕ್ಷಿ: 12/13 ಮತ್ತು 7/8 ಎಂಬ ಎರಡು ಭಿನ್ನರಾಶಿಗಳ ಮೊತ್ತವನ್ನು ಅಂದಾಜಿಸಲು ಹೇಳಿದಾಗ, 13 ವರ್ಷದವರಲ್ಲಿ 2 ಎಂಬ ಸರಿಯುತ್ತರ ಆರಿಸಿದವರು ಶೇ. 24 ಮಾತ್ರ. ಎರಡೂ ಒಂದರ ಹತ್ತಿರದವು ಎಂಬುದು ಉಳಿದವರ ಗಮನಕ್ಕೆ ಬರಲಿಲ್ಲ. 19 ಮತ್ತು 21ನ್ನು ಆರಿಸಿದವರೇ ಅರ್ಧಕ್ಕಿಂತ ಹೆಚ್ಚು.

ಹಾಗಾದರೆ ರೂಢಿಯ ನಿಯಮದಲ್ಲಿ ತೊಡಕು ಎಲ್ಲಿದೆ? ಎರಡು ಜೋಡಿಗಳನ್ನು ಎದುರಿಗಿಟ್ಟು ನೋಡೋಣ. 687 ಮತ್ತು 288 ಒಂದು ಜೋಡಿ, 652 ಮತ್ತು 349 ಇನ್ನೊಂದು. ಹತ್ತಿರದ ನೂರಕ್ಕೆ ಸರಿಸಿದರೆ ಎರಡೂ 700 ಮತ್ತು 300 ಆಗುತ್ತವೆ. ಮೊತ್ತದ ಅಂದಾಜು ಎರಡು ಕಡೆಯೂ 1000. ನಿಜವಾದ ಮೊತ್ತ ಮೊದಲನೆಯದರಲ್ಲಿ 975, ಎರಡನೆಯದರಲ್ಲಿ 1001. ಅಂದರೆ ಸಂಕಲನದಲ್ಲಿ ಎರಡನೆಯ ಜೋಡಿಯ ಅಂದಾಜೇ ಹೆಚ್ಚು ನಿಖರ. ಕಳೆಯುವಾಗ ಇದು ತಲೆಕೆಳಗಾಗುತ್ತದೆ. ಎರಡರ ಅಂದಾಜೂ 400. ಆದರೆ ಮೊದಲ ಜೋಡಿಯ ನಿಜವಾದ ವ್ಯತ್ಯಾಸ 399, ಎರಡನೆಯದರದು 303. ಒಂದರಲ್ಲಿ ತಪ್ಪು 1, ಇನ್ನೊಂದರಲ್ಲಿ 97. ಕಾರಣ ಸರಳ: ಎರಡು ಸಂಖ್ಯೆಗಳೂ ಒಂದೇ ದಿಕ್ಕಿಗೆ ಸರಿದರೆ ಅವುಗಳ ನಡುವಿನ ಅಂತರ ಹೆಚ್ಚು ಬದಲಾಗುವುದಿಲ್ಲ, ಒಂದು ಮೇಲಕ್ಕೆ, ಒಂದು ಕೆಳಕ್ಕೆ ಸರಿದರೆ ಎರಡು ತಪ್ಪುಗಳೂ ಕೂಡಿಕೊಳ್ಳುತ್ತವೆ. ಸಂಖ್ಯೆಗಳು ಪರಸ್ಪರ ಹತ್ತಿರವಿದ್ದಾಗ ಫಲಿತಾಂಶ ಇನ್ನೂ ಕೆಡುತ್ತದೆ. 451ರಿಂದ 449 ಕಳೆದರೆ ಉಳಿಯುವುದು 2; ನಿಯಮ ಪಾಲಿಸಿದ ಮಗುವಿನ ಅಂದಾಜು 100. ನಿಯಮವನ್ನು ತಪ್ಪದೆ ಅನುಸರಿಸಿದ ಈ ಮಗುವಿಗೆ ಪೂರ್ಣ ಅಂಕ ಸಿಗುತ್ತದೆ. ಇದು ಕಲಿಕೆಗೆ ಆಗುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಪರಿಹಾರ ನಮ್ಮ ಅಂಗಡಿಗಳಲ್ಲೇ ಬಳಕೆಯಲ್ಲಿದೆ. ಐನೂರರ ನೋಟು ಕೊಟ್ಟು 287 ರೂಪಾಯಿಯ ಸಾಮಾನು ಕೊಂಡವರಿಗೆ ಚಿಲ್ಲರೆ ಕೊಡುವವರು 287ನ್ನು ‘ಮುನ್ನೂರಕ್ಕೆ ಹದಿಮೂರು ಕಮ್ಮಿ’ ಎಂದು ಹಿಡಿಯುತ್ತಾರೆ. ಇನ್ನೂರರ ಮೇಲೆ ಆ ಹದಿಮೂರನ್ನು ಸೇರಿಸಿ ಕೊಡುತ್ತಾರೆ. ಸರಿಸಿದ್ದು ಕಳೆಯುವ ಸಂಖ್ಯೆಯನ್ನು ಮಾತ್ರ, ಮತ್ತು ಎಷ್ಟು ಸರಿಸಿದೆವೆಂಬ ನೆನಪು ಜೊತೆಗೇ ಉಳಿದಿದೆ. 652ರಿಂದ 349ನ್ನು ಹೀಗೆ ಕಳೆದರೆ 350 ಹೋಗಿ 302. ಒಂದನ್ನು ಹೆಚ್ಚಿಗೆ ಕಳೆದದ್ದರಿಂದ ನಿಜವಾದ ಉತ್ತರ ಒಂದು ಹೆಚ್ಚು. ರಾಬರ್ಟ್ ರೇಸ್ ಮತ್ತು ಸಂಗಡಿಗರು 1982ರಲ್ಲಿ, ಅಂದಾಜಿನಲ್ಲಿ ನುರಿತ ವಿದ್ಯಾರ್ಥಿಗಳೂ ವಯಸ್ಕರೂ ಹೇಗೆ ಯೋಚಿಸುತ್ತಾರೆಂದು ಪರಿಶೀಲಿಸಿ ಮೂರು ಪ್ರಕ್ರಿಯೆಗಳನ್ನು ಗುರುತಿಸಿದರು: ಸಂಖ್ಯೆಗಳನ್ನು ಸುಲಭ ರೂಪಕ್ಕೆ ತರುವುದು, ಲೆಕ್ಕದ ರಚನೆಯನ್ನೇ ಬದಲಿಸುವುದು, ಹೀಗೆ ಮಾಡಿದ್ದರಿಂದ ಆದ ಹೆಚ್ಚುಕಡಿಮೆಯನ್ನು ಸರಿದೂಗಿಸುವುದು. ರೂಢಿಯ ಪಾಠ ಮೊದಲನೆಯದಕ್ಕೇ ನಿಲ್ಲುತ್ತದೆ. ವ್ಯವಕಲನದಲ್ಲಿ ಅಂದಾಜಿಗೆ ಬೆಲೆ ತರುವುದು ಮೂರನೆಯದು.

ಚಿಕ್ಕ ಮಕ್ಕಳಿಗೆ ಇದು ಭಾರವಾಗುತ್ತದೆ ಎಂಬ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಸಂಖ್ಯೆಯನ್ನು ಸರಿಸುವುದು ಮತ್ತು ಮನಸ್ಸಿನಲ್ಲೇ ಲೆಕ್ಕ ಮಾಡುವುದು ಎಂಬ ಎರಡು ಕೆಲಸಗಳನ್ನು ಹೊಂದಿಸಿಕೊಳ್ಳುವ ಶಕ್ತಿ ಸುಮಾರು 11-12ರ ವಯಸ್ಸಿನಲ್ಲಿ ಬಲಿಯುತ್ತದೆ ಎಂದು ರಾಬಿ ಕೇಸ್ ಮತ್ತು ಜೂಡಿತ್ ಸೌಡರ್ 1990ರಲ್ಲಿ ವಾದಿಸಿದ್ದಾರೆ. ಆದರೆ ಈ ವಾದ ನನ್ನ ಸಲಹೆಗಿಂತ ರೂಢಿಯ ನಿಯಮಕ್ಕೇ ಹೆಚ್ಚು ತೊಡಕು. ಎರಡು ಸಂಖ್ಯೆಗಳನ್ನು ಸರಿಸುವುದಕ್ಕಿಂತ ಒಂದನ್ನೇ ಸರಿಸುವುದು ಹಗುರ. ಹೆಚ್ಚು ಕಳೆದೆವೋ ಕಡಿಮೆ ಕಳೆದೆವೋ ಎಂಬ ಪ್ರಶ್ನೆಯನ್ನು ಮೂರು-ನಾಲ್ಕನೆಯ ತರಗತಿಯಲ್ಲಿ ಸಂಖ್ಯಾರೇಖೆಯ ಮೇಲೆ ಕೈಯಿಟ್ಟೇ ತೋರಿಸಬಹುದು. ಮಗು ನಿಖರ ಉತ್ತರವನ್ನೇ ಕಂಡುಹಿಡಿದುಬಿಟ್ಟರೆ ಅದು ಅಂದಾಜು ಹೇಗಾದೀತು ಎಂದೂ ಕೇಳಬಹುದು. ಆಗಲಿ; ಸರಿದೂಗಿಸುವಿಕೆ ಎಲ್ಲಿ ನಿಲ್ಲಬೇಕೆಂಬುದು ಅಗತ್ಯಕ್ಕೆ ಬಿಟ್ಟದ್ದು. 503ರಿಂದ 287 ಕಳೆದು 226 ಎಂದು ಬರೆದ ಮಗುವಿನ ತಪ್ಪನ್ನು, ಅಂದರೆ ಸೊನ್ನೆಯ ಮೇಲಿಂದ ದಶಕ ತೆಗೆದುಕೊಳ್ಳುವಾಗ ಆಗುವ ಎಡವಟ್ಟನ್ನು, ನೂರರ ಅಂದಾಜು ಹಿಡಿಯಲಾರದು. ಕಳೆಯುವುದನ್ನು 290 ಮಾಡಿ, 213 ಪಡೆದು, ಮೂರು ಹೆಚ್ಚು ಕಳೆದೆವೆಂದು ತಿಳಿದವರು ಮಾತ್ರ ಅದನ್ನು ಗುರುತಿಸಬಲ್ಲರು.

ಆದ್ದರಿಂದ ಪಠ್ಯ ರಚಿಸುವವರಲ್ಲೂ ಪ್ರಶ್ನೆಪತ್ರಿಕೆ ತಯಾರಿಸುವವರಲ್ಲೂ ಒಂದು ವಿನಂತಿ. ವ್ಯವಕಲನದ ಅಭ್ಯಾಸಗಳಲ್ಲಿ 451 ಮತ್ತು 449ರಂಥ ಜೋಡಿಗಳನ್ನು ಬೇಕೆಂದೇ ಸೇರಿಸಿ. ಪ್ರತಿ ಅಂದಾಜಿನ ಕೆಳಗೆ ‘ನಿಜವಾದ ಉತ್ತರ ಇದಕ್ಕಿಂತ ಹೆಚ್ಚೋ ಕಡಿಮೆಯೋ? ಏಕೆ?’ ಎಂದು ಕೇಳಿ, ಅಂಕಗಳನ್ನು ಆ ‘ಏಕೆ’ಗೆ ಮೀಸಲಿಡಿ.