ಏರುದಾರಿಯ ವಾದ: ಸೈಕಲ್ಲಿಗೆ ಗೇರ್ ಬಂದ ಕಥೆ



ಗೇರ್ ಇರುವ ಸೈಕಲ್ಲನ್ನು ನೀವೆಲ್ಲರೂ ನೋಡಿದ್ದೀರಿ. ಹಿಂದಿನ ಚಕ್ರದ ನಡುವೆ ಚಿಕ್ಕದು ದೊಡ್ಡದು ಎಂದು ಸಾಲಾಗಿ ಜೋಡಿಸಿದ ಹಲ್ಲುಚಕ್ರಗಳು, ಅವುಗಳ ಮೇಲೆ ಅತ್ತಿತ್ತ ಸರಿಯುವ ಚೈನು. ಇದು ಪಂದ್ಯದ ಸವಾರರಿಗೆಂದು ಹುಟ್ಟಿ, ಅವರು ಗೆದ್ದ ಮೇಲೆ ಜನಸಾಮಾನ್ಯರ ಕೈಗೆ ಬಂದ ಸಲಕರಣೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಇತಿಹಾಸ ಹೇಳುವುದು ಬೇರೆ. ಫ್ರಾನ್ಸ್ ದೇಶದಲ್ಲಿ ಇದಕ್ಕಾಗಿ ವಾದಿಸಿದವರು ದೂರ ಪ್ರವಾಸದ ಸವಾರರು; ಇದನ್ನು ದೀರ್ಘಕಾಲ ದೂರವಿಟ್ಟವರು ಪಂದ್ಯದ ಯಜಮಾನರು. ಆ ವಾದ ರಸ್ತೆಯ ಮೇಲೆ ನಡೆದಷ್ಟೇ ಪತ್ರಿಕೆಯ ಪುಟಗಳಲ್ಲೂ ನಡೆಯಿತು.

ಮೊದಲು ಒಂದು ಲೆಕ್ಕ. ಸಾಧಾರಣ ಸೈಕಲ್ಲಿನ ಹಿಂದಿನ ಚಕ್ರ ಒಂದು ಸುತ್ತು ಉರುಳಿದರೆ ಸುಮಾರು 2.1 ಮೀಟರ್ ಮುಂದೆ ಹೋಗುತ್ತದೆ. ಪೆಡಲಿನ ಬಳಿ 48 ಹಲ್ಲು, ಹಿಂದೆ 16 ಹಲ್ಲು ಇದ್ದರೆ, ಪೆಡಲನ್ನು ಒಮ್ಮೆ ಪೂರ್ತಿ ತುಳಿದಾಗ ಹಿಂದಿನ ಚಕ್ರ 3 ಸುತ್ತು ತಿರುಗಿ ಸೈಕಲ್ಲು 6.3 ಮೀಟರ್ ಸಾಗುತ್ತದೆ. ಸಮನೆಲದಲ್ಲಿ ಇದು ಸೊಗಸು. ಆದರೆ 12 ಅಡಿಗೆ 1 ಅಡಿ ಏರುವ ಘಾಟಿಯಲ್ಲಿ ಒಂದೊಂದು ತುಳಿತಕ್ಕೂ ನಮ್ಮ ಮೈಭಾರ, ಸೈಕಲ್ಲು, ಗಂಟುಮೂಟೆ ಎಲ್ಲವನ್ನೂ ಅರ್ಧ ಮೀಟರಿಗಿಂತ ತುಸು ಹೆಚ್ಚೇ ಮೇಲೆತ್ತಬೇಕಾಗುತ್ತದೆ. ಮನೆಯ ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಹತ್ತಿದಂತೆ. ಹಿಂದೆಯೂ ಮುಂದೆಯೂ 32 ಹಲ್ಲು ಇದ್ದರೆ ಒಂದು ತುಳಿತಕ್ಕೆ ಏರುವುದು ಸುಮಾರು 17 ಸೆಂಟಿಮೀಟರ್ ಮಾತ್ರ, ಅಂದರೆ ಒಂದೇ ಮೆಟ್ಟಿಲು. ಕೆಲಸದ ಮೊತ್ತ ಕಡಿಮೆಯಾಗುವುದಿಲ್ಲ. ಅದು ಸಣ್ಣ ಸಣ್ಣ ಕಂತುಗಳಾಗಿ ಹಂಚಿಹೋಗುತ್ತದೆ. ಗೇರ್ ಎಂಬುದರ ಗುಟ್ಟು ಇಷ್ಟೇ.

ಈ ಗುಟ್ಟನ್ನು ಹಿಡಿದು ಜೀವಮಾನವಿಡೀ ವಾದಿಸಿದವರು ಪಾಲ್ ದ ವಿವಿ. 1853ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಹುಟ್ಟಿದ ಇವರು ಸೇಂತ್ ಎತಿಯೆನ್ ಪಟ್ಟಣದಲ್ಲಿ ರೇಷ್ಮೆ ವ್ಯಾಪಾರ ಮಾಡುತ್ತಿದ್ದರು. ಮುಂದಿನ ಚಕ್ರ ಆಳೆತ್ತರವಿದ್ದ ಕಾಲದಲ್ಲಿ ಸೈಕಲ್ಲಿನ ರುಚಿ ಹತ್ತಿತು. 1887ರಲ್ಲಿ ರೇಷ್ಮೆ ವ್ಯಾಪಾರವನ್ನು ಬಿಟ್ಟು ಸೈಕಲ್ ಅಂಗಡಿ ತೆರೆದರು; ಅದರ ಜೊತೆಗೇ ಒಂದು ಪತ್ರಿಕೆಯನ್ನೂ ಆರಂಭಿಸಿದರು. ‘ಲ ಸಿಕ್ಲಿಸ್ತ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಪತ್ರಿಕೆಯಲ್ಲಿ ಅವರು ಬರೆದದ್ದು ‘ವೆಲೋಸಿಯೊ’ ಎಂಬ ಕಾವ್ಯನಾಮದಿಂದ. ಮುಂದೆ ಜನ ಅವರನ್ನು ಕರೆದದ್ದೂ ಹಾಗೆಯೇ.

ಸೇಂತ್ ಎತಿಯೆನ್ ಊರನ್ನು ದಾಟಿ ದಕ್ಷಿಣಕ್ಕೆ ಹೋಗಬೇಕಾದರೆ 1,161 ಮೀಟರ್ ಎತ್ತರದ ಒಂದು ಘಟ್ಟವನ್ನು ಹತ್ತಬೇಕು. ಅದಕ್ಕೆ ಎರಡು ಹೆಸರು: ಗ್ರಾಂ ಬ್ವಾ ಎಂದೂ ರಿಪಬ್ಲಿಕ್ ಎಂದೂ ಕರೆಯುತ್ತಾರೆ. ವೆಲೋಸಿಯೊ ಆ ಏರಿನಲ್ಲಿ ಏದುಸಿರು ಬಿಡುತ್ತ ತುಳಿಯುತ್ತಿದ್ದಾಗ ಅವರದೇ ಪತ್ರಿಕೆಯ ಓದುಗನೊಬ್ಬ ಪೈಪು ಸೇದುತ್ತ ಅವರನ್ನು ಹಿಂದೆ ಹಾಕಿ ಹೋದನೆಂದೂ, ಗೇರಿನ ಯೋಚನೆ ಅಲ್ಲಿಂದ ಮೊದಲಾಯಿತೆಂದೂ ಸೈಕಲ್ ಪ್ರಿಯರು ಹೇಳುವ ಕಥೆಯೊಂದಿದೆ. ಕಥೆಯ ಮಾತು ಹೇಗೇ ಇರಲಿ, ಊರಿನ ಹೊಸ್ತಿಲಲ್ಲೇ ಘಟ್ಟವಿದ್ದವನಿಗೆ ಒಂದೇ ಗೇರಿನ ಕಷ್ಟವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಮೊದಲ ಉಪಾಯ ಒರಟೇ ಆಗಿತ್ತು: ಪೆಡಲಿನ ಬಳಿ ಎರಡು ಹಲ್ಲುಚಕ್ರ, ಏರು ಬಂದಾಗ ಇಳಿದು, ಕೈಯಿಂದ ಚೈನನ್ನು ಒಂದರಿಂದ ಇನ್ನೊಂದಕ್ಕೆ ಎತ್ತಿ ಹಾಕುವುದು. ಅಲ್ಲಿಂದ ಮುಂದೆ ಇಳಿಯದೆಯೇ ಚೈನನ್ನು ಸರಿಸುವ ಏರ್ಪಾಡುಗಳು ಬಂದವು. ಪ್ರತಿಯೊಂದನ್ನೂ ವೆಲೋಸಿಯೊ ನೂರಾರು ಕಿಲೋಮೀಟರ್ ತುಳಿದು ಪರೀಕ್ಷಿಸಿ, ಒಳಿತು ಕೆಡಕುಗಳನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದರು. ಹೀಗೆ ಆ ಪತ್ರಿಕೆ ಪ್ರವಾಸಿ ಸವಾರರ ಒಂದು ತೆರೆದ ಶಾಲೆಯಾಯಿತು.

ಎದುರು ಪಕ್ಷದಲ್ಲಿ ನಿಂತವರೂ ಸಣ್ಣವರಲ್ಲ. ಆನ್ರಿ ದೆಗ್ರಾಂಜ್ ಸ್ವತಃ ಹೆಸರಾಂತ ಸವಾರರು. ‘ಲೋತೊ-ವೆಲೊ’ ಪತ್ರಿಕೆಯ ಸಂಪಾದಕರು. 1903ರಲ್ಲಿ ಅದೇ ಪತ್ರಿಕೆ, ‘ಲೋತೊ’ ಎಂಬ ಹೊಸ ಹೆಸರಿನಲ್ಲಿ, ಟೂರ್ ಡಿ ಫ್ರಾನ್ಸ್ ಪಂದ್ಯವನ್ನು ಆರಂಭಿಸಿತು. ಪತ್ರಿಕೆಯ ಮಾರಾಟ ಹೆಚ್ಚಿಸಲು ಹುಟ್ಟಿದ ಪಂದ್ಯವದು. ಮೊದಲ ವರ್ಷದ ಪಂದ್ಯ ಹಾದುಹೋದ ದಾರಿಯಲ್ಲಿ ವೆಲೋಸಿಯೊ ಊರಿನ ಆ ಘಟ್ಟವೂ ಇತ್ತೆಂಬುದು ಗಮನಿಸಬೇಕಾದ ಸಂಗತಿ. ಒಂದೇ ಏರು, ಆದರೆ ಅದನ್ನು ನೋಡುವ ಕಣ್ಣು ಎರಡು. ದೆಗ್ರಾಂಜರಿಗೆ ಅದು ಬಲಶಾಲಿಯನ್ನು ಉಳಿದವರಿಂದ ಬೇರ್ಪಡಿಸುವ ಜರಡಿ. ವೆಲೋಸಿಯೊಗೆ ಅದು ಎಲ್ಲರೂ ದಾಟಬಹುದಾದ, ದಾಟಬೇಕಾದ ಬಾಗಿಲು.

1902ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ ಒಂದು ಬಹಿರಂಗ ಪರೀಕ್ಷೆ ಏರ್ಪಡಿಸಿತು. ಸ್ಥಳ, ಪಿರೆನೀಸ್ ಪರ್ವತಗಳಲ್ಲಿ 2,100 ಮೀಟರಿಗೂ ಎತ್ತರದ ತೂರ್ಮಲೇ ಘಟ್ಟ. ಮಾರ್ತ್ ಎಸ್ ಎಂಬ ಮಹಿಳೆ ಮೂರು ಗೇರಿನ ಸೈಕಲ್ಲಿನಲ್ಲಿ, ಎಲ್ಲಿಯೂ ಕಾಲು ನೆಲಕ್ಕೂರದೆ ಆ ದಾರಿಯನ್ನು ಕ್ರಮಿಸಿದರು. ಪರೀಕ್ಷೆಯನ್ನು ದೆಗ್ರಾಂಜ್ ಮೆಚ್ಚಿಕೊಂಡರು. ಆದರೆ ಅಭಿಪ್ರಾಯ ಬದಲಿಸಲಿಲ್ಲ. ಗೇರ್ ಬೇಕಾದದ್ದು ವಯಸ್ಸು ನಲವತ್ತೈದು ದಾಟಿದವರಿಗೆ, ಗೆಲುವು ಸ್ನಾಯುಬಲದಿಂದ ಬರಬೇಕೇ ಹೊರತು ಯಂತ್ರದ ಉಪಾಯದಿಂದಲ್ಲ ಎಂಬುದು ಅವರು ತಮ್ಮ ಪತ್ರಿಕೆಯಲ್ಲಿ ಬರೆದುದರ ಸಾರ.

ನ್ಯಾಯವಾಗಿ ಹೇಳುವುದಾದರೆ ಈ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಆ ಕಾಲದ ಗೇರುಗಳು ಭಾರ, ನಾಜೂಕು. ಧೂಳು ಕೆಸರಿನ ರಸ್ತೆಯಲ್ಲಿ ಕೈಕೊಡುತ್ತಿದ್ದವು. ಪಂದ್ಯದಲ್ಲಿ ಎಲ್ಲರಿಗೂ ಒಂದೇ ನಿಯಮ ಇರಬೇಕೆಂಬುದೂ ಸರಿಯೇ. ತೊಂದರೆ ಬೇರೆಡೆ ಇತ್ತು. ಪಂದ್ಯದ ಸುದ್ದಿ ಲಕ್ಷಾಂತರ ಜನರ ಮನೆ ತಲುಪುತ್ತಿತ್ತು. ಅಲ್ಲಿ ವೀರರು ತುಳಿಯುವುದೇ ನಿಜವಾದ ಸೈಕಲ್ಲು ಎಂಬ ಭಾವನೆ ಹರಡಿತು. ಗಂಟು ಕಟ್ಟಿಕೊಂಡು ನಾಲ್ಕೂರು ನೋಡಿ ಬರುವ ಶಿಕ್ಷಕ, ಗುಮಾಸ್ತ, ಗೃಹಿಣಿಯ ಅಗತ್ಯ ಹಿಂದೆ ಬಿತ್ತು. ಪಂದ್ಯದ ಸವಾರರೂ ಸುಖಪಡಲಿಲ್ಲ. ಹಿಂದಿನ ಚಕ್ರದ ಎರಡು ಬದಿಗೂ ಬೇರೆ ಬೇರೆ ಹಲ್ಲುಚಕ್ರ ಹಾಕಿಸಿ, ಘಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಮತ್ತೆ ಬಿಗಿಯುವುದು ದಶಕಗಳ ಕಾಲ ಅವರ ಪಾಡಾಗಿತ್ತು.

ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಎಲ್ಲರಿಗೂ ಗೇರ್ ಬಳಸಲು ಅನುಮತಿ ದೊರೆತದ್ದು 1937ರಲ್ಲಿ. ತೂರ್ಮಲೇ ಪರೀಕ್ಷೆಯಾಗಿ 35 ವರ್ಷಗಳ ನಂತರ! ಅದನ್ನು ನೋಡಲು ವೆಲೋಸಿಯೊ ಬದುಕಿರಲಿಲ್ಲ. 1930ರಲ್ಲಿ ತಮ್ಮ ಊರಿನ ರಸ್ತೆಯಲ್ಲೇ ಟ್ರಾಮ್ ಬಡಿದು ತೀರಿಕೊಂಡಿದ್ದರು. ಆದರೆ ಅವರ ಓದುಗರು ಪಂದ್ಯದ ಅನುಮತಿಗಾಗಿ ಕಾದು ಕುಳಿತಿರಲಿಲ್ಲ. 1936ರಲ್ಲಿ ಫ್ರಾನ್ಸಿನ ಕಾರ್ಮಿಕರಿಗೆ ಕಾನೂನಿನ ಪ್ರಕಾರ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ದೊರೆತಾಗ, ಸಾವಿರಾರು ಕುಟುಂಬಗಳು ಸೈಕಲ್ಲು ಹತ್ತಿ, ಇಬ್ಬರು ತುಳಿಯುವ ಟ್ಯಾಂಡೆಮ್ ಹತ್ತಿ, ಸಮುದ್ರ ಬೆಟ್ಟಗಳನ್ನು ನೋಡಲು ಹೊರಟವು. ಪ್ರವಾಸಿಗಳು ತಮ್ಮ ವಾದವನ್ನು ರಸ್ತೆಯಲ್ಲೇ ಗೆದ್ದುಕೊಂಡಿದ್ದರು.

ವೆಲೋಸಿಯೊ ಬಿಟ್ಟುಹೋದ ಇನ್ನೊಂದು ಆಸ್ತಿ, ದೂರ ಪ್ರಯಾಣಕ್ಕೆ ಅವರು ಹೇಳಿದ ಏಳು ಸೂತ್ರಗಳು. ಅವುಗಳ ಭಾವ ಹೀಗಿದೆ: ತಂಗುವುದು ವಿರಳವಾಗಿರಲಿ, ಚುಟುಕಾಗಿರಲಿ, ಹಸಿಯುವ ಮೊದಲೇ ಹಗುರವಾಗಿ ಉಣ್ಣಿ, ಬಾಯಾರುವ ಮೊದಲೇ ಕುಡಿಯಿರಿ, ಊಟ ನಿದ್ದೆ ಬೇಡವೆನಿಸುವಷ್ಟು ದಣಿಯಬೇಡಿ, ಚಳಿಗೆ ಮೊದಲೇ ಹೊದೆಯಿರಿ, ಸೆಕೆಗೆ ಮೊದಲೇ ಕಳಚಿರಿ, ದಾರಿಯಲ್ಲಿ ಮದ್ಯ, ಮಾಂಸ, ತಂಬಾಕು ಬೇಡ, ಮೊದಲ ಗಂಟೆಗಳಲ್ಲಿ ಶಕ್ತಿ ಮೀರಿ ತುಳಿಯಬೇಡಿ, ಕೊನೆಯದಾಗಿ, ಒಣಜಂಭಕ್ಕಾಗಿ ಎಂದೂ ತುಳಿಯಬೇಡಿ.

ಈ ಕೊನೆಯ ಸೂತ್ರದ ಜಾಡಿನಲ್ಲೇ ಇನ್ನೊಂದು ಪರಂಪರೆಯೂ ಬೆಳೆಯಿತು. ಪ್ಯಾರಿಸಿನಿಂದ ಬ್ರೆಸ್ಟ್ ಬಂದರಿಗೆ ಹೋಗಿ ಮರಳುವ ಸುಮಾರು 1,200 ಕಿಲೋಮೀಟರ್ ಓಟ 1891ರಲ್ಲಿ ಪಂದ್ಯವಾಗಿ ಆರಂಭವಾಯಿತು; ಷಾರ್ಲ್ ತೆರೋಂ 71 ಗಂಟೆ 22 ನಿಮಿಷಗಳಲ್ಲಿ ಗೆದ್ದರು. 1931ರಿಂದ ಪ್ರವಾಸಿ ಸವಾರರಿಗೂ ಅಲ್ಲಿ ಪ್ರತ್ಯೇಕ ಸ್ಥಾನ ದೊರೆಯಿತು. ವೃತ್ತಿಪರರ ಪಂದ್ಯ 1951ಕ್ಕೆ ಕೊನೆಗೊಂಡಿತು. ಪ್ರವಾಸಿಗಳ ಸವಾರಿ ಇಂದಿಗೂ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದೆ. ಅಲ್ಲಿ ಗರಿಷ್ಠ 90 ಗಂಟೆಗಳ ಗಡುವಿದೆ, ಬಹುಮಾನದ ಮೆಟ್ಟಿಲಿಲ್ಲ. ಅದಕ್ಕೆ ಅರ್ಹತೆ ಪಡೆಯಲು ತುಳಿಯಬೇಕಾದ 200, 300, 400, 600 ಕಿಲೋಮೀಟರ್ ಸವಾರಿಗಳು ಈಗ ನಮ್ಮ ಬೆಂಗಳೂರಿನಿಂದಲೂ ಹೊರಡುತ್ತವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಕಾಲಾವಕಾಶ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಮರ್ಯಾದೆ ಒಂದೇ.

ಸೇಂತ್ ಎತಿಯೆನ್ನಿನ ಆ ಘಟ್ಟದ ನೆತ್ತಿಯಲ್ಲಿ ಇಂದು ವೆಲೋಸಿಯೊ ಸ್ಮಾರಕವಿದೆ. ಅವರು ಬದುಕಿದ್ದಾಗಲೇ, 1922ರಲ್ಲಿ, ಅವರ ಗೌರವಾರ್ಥ ಆ ಏರನ್ನು ಹತ್ತುವ ‘ವೆಲೋಸಿಯೊ ದಿನ’ ಆರಂಭವಾಯಿತು. ನಮ್ಮಲ್ಲಿಯೂ ಆಗುಂಬೆ, ಚಾರ್ಮಾಡಿಯಂತಹ ಘಾಟಿಗಳಿಗೆ ಕೊರತೆಯಿಲ್ಲ. ಮುಂದೆ ಎಂದಾದರೂ ಅಂಥ ಏರಿನಲ್ಲಿ ನೀವು ಸಣ್ಣ ಗೇರಿಗೆ ಚೈನು ಸರಿಸಿದಾಗ, ಪಕ್ಕದವರು ನಕ್ಕರೆ ನಾಚಬೇಡಿ. ಇಳಿದು ನೂಕುವುದರಲ್ಲೂ ಅವಮಾನವಿಲ್ಲ. ಕುಳಿತು ಮೆಲ್ಲಗೆ ತುಳಿಯುವುದರಲ್ಲಂತೂ ಇಲ್ಲವೇ ಇಲ್ಲ. ದಾರಿ ಬಲಶಾಲಿಯೊಬ್ಬನದಲ್ಲ, ಹೊರಟವರೆಲ್ಲರದು.