ಘಟ್ಟದ ದಾರಿಯೋ, ಅಡಿಕೆಯ ಅಂಗಳವೋ: ಶಿರಸಿ, ಸಿದ್ದಾಪುರ, ಯಲ್ಲಾಪುರ ಪೇಟೆಗಳ ಅಸಮ ಬೆಳವಣಿಗೆ

ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಕಣಿವೆಗೆ ಅಡಿಕೆ ತೋಟ, ತೋಟಕ್ಕೆ ಸೊಪ್ಪಿನ ಬೆಟ್ಟ ಎಂಬ ವ್ಯವಸ್ಥೆ ಬಹುಮಟ್ಟಿಗೆ ಒಂದೇ. ಪೇಟೆಗಳು ಮಾತ್ರ ಸಮನಾಗಿ ಬೆಳೆಯಲಿಲ್ಲ. ಶಿರಸಿ ನಗರಸಭೆಯಾಯಿತು, ಉಳಿದೆರಡು ಪಟ್ಟಣ ಪಂಚಾಯಿತಿಗಳಾಗಿಯೇ ಇವೆ.

ರಾಜಕೀಯ ಇತಿಹಾಸದಲ್ಲಿ ತಕರಾರಿಲ್ಲ. ಸೋದೆ ಅರಸರ ಸೀಮೆ 1760ರ ದಶಕದಲ್ಲಿ ಹೈದರಾಲಿಯ ವಶವಾಯಿತು. 1799ರಲ್ಲಿ ಕಂಪನಿಯ ಆಡಳಿತಕ್ಕೆ ಬಂತು. 1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಸೋದೆಯ ಪತನಾನಂತರ ಶಿರಸಿ ಸೀಮೆಯ ಮುಖ್ಯ ಪೇಟೆಯಾಯಿತೆಂಬುದೂ ಒಪ್ಪಿತವೇ.

ವಿವಾದವಿರುವುದು ಆ ಏಳಿಗೆಯ ಕಾರಣದಲ್ಲಿ. ಬಯಲುಸೀಮೆಯ ಹತ್ತಿ ದೇವಿಮನೆ ಘಟ್ಟವಿಳಿದು ಕುಮಟಾ ಬಂದರು ಸೇರುತ್ತಿದ್ದುದರಿಂದ ನಡುದಾರಿಯ ಶಿರಸಿ ಬೆಳೆಯಿತೆಂಬುದು ರೂಢಿಯ ವಿವರಣೆ. ಇದು ಪೂರ್ತಿ ಸಾಲದು. 1880ರ ದಶಕದ ಕೊನೆಗೆ ಮರ್ಮಗೋವಾ ರೈಲು ತೆರೆದ ಮೇಲೆ ಹತ್ತಿ ಅತ್ತ ತಿರುಗಿತು, ಕುಮಟಾ ಸೊರಗಿತು. ಸಾಗಣೆಯೊಂದೇ ಆಧಾರವಾಗಿದ್ದರೆ ಶಿರಸಿಯೂ ಸೊರಗಬೇಕಿತ್ತು. ಅರಬೈಲು ಘಟ್ಟದ ನೆತ್ತಿಯಲ್ಲಿ, ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಮೇಲೇ ಇರುವ ಯಲ್ಲಾಪುರ ಎಲ್ಲಕ್ಕಿಂತ ದೊಡ್ಡದಾಗಬೇಕಿತ್ತು.

ಹಾಗೆಂದು ತೋಟಗಳಷ್ಟೇ ಕಾರಣವೆನ್ನಲೂ ಆಗದು. ಸಿದ್ದಾಪುರಕ್ಕೆ ತೋಟಗಳ ಕೊರತೆಯಿಲ್ಲ. ಶಿರಸಿಯನ್ನು ಬೇರೆ ಮಾಡಿದ್ದು ಅಡಿಕೆ ಮಾರಾಟ ಅಲ್ಲಿ ಒಟ್ಟುಗೂಡಿದ್ದು. 1923ರಲ್ಲಿ ಅಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿತು. ಸಂಘದ ಅಂಗಳದಲ್ಲಿ ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು ಎಂದು ವಿಂಗಡವಾದ ಮಾಲನ್ನು ವ್ಯಾಪಾರಿಗಳು ನೋಡಿ ಟೆಂಡರ್ ಹಾಕುತ್ತಾರೆ. ರೈತನಿಗೆ ಬೆಳೆಯ ಮೇಲೆ ಮುಂಗಡ, ಮಾರಿದ ಮೇಲೆ ಲೆಕ್ಕ, ಅಲ್ಲೇ ಕಿರಾಣಿ. ಹತ್ತಿ ಪೇಟೆಯನ್ನು ಹಾದುಹೋಗುತ್ತಿತ್ತು. ಅಡಿಕೆಯ ದುಡ್ಡು ಪೇಟೆಯಲ್ಲೇ ತಿರುಗಿತು.

ಈ ವಾದಕ್ಕೆ ಮಿತಿಗಳುಂಟು. ರೈಲು ಬಂದದ್ದಕ್ಕೂ ಸಂಘ ಹುಟ್ಟಿದ್ದಕ್ಕೂ ನಡುವೆ ಮೂರು ದಶಕಗಳಿಗೂ ಹೆಚ್ಚಿನ ಅಂತರವಿದೆ. ಆ ಅವಧಿಯಲ್ಲಿ ಪೇಟೆಯನ್ನು ಹಿಡಿದು ನಿಲ್ಲಿಸಿದ್ದು ಖಾಸಗಿ ದಲಾಲಿ ವ್ಯಾಪಾರವಾಗಿರಬಹುದು. ಸಂಘ ಶಿರಸಿಯನ್ನೇ ಆರಿಸಿಕೊಂಡದ್ದಕ್ಕೆ ಹಳೆಯ ದಾರಿಗಳು ಕೂಡುವ ಸ್ಥಾನವೂ ಕಾರಣವಾಗಿರಬೇಕು. ಮಾರಿಕಾಂಬಾ ಜಾತ್ರೆಯೂ ಉಪವಿಭಾಗದ ಕಚೇರಿಗಳೂ ಜನರನ್ನು ಸೆಳೆದವು. ಆದ್ದರಿಂದ ದಾರಿ ಪೇಟೆಯ ಜಾಗವನ್ನು ಗೊತ್ತುಮಾಡಿತು, ಅಡಿಕೆ ಅದರ ಬಾಳಿಕೆಯನ್ನು ಗೊತ್ತುಮಾಡಿತು ಎಂಬಷ್ಟನ್ನು ಮಾತ್ರ ಹೇಳಬಹುದು.

ಸಿದ್ದಾಪುರಕ್ಕೆ ಇನ್ನೊಂದು ಅಡ್ಡಿಯಿತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದು ಮುಂಬಯಿಯ ಗಡಿಮೂಲೆ. ನೆರೆಯ ಸಾಗರ ಮೈಸೂರಿಗೆ ಸೇರಿತ್ತು. ಗಡಿ ಅಳಿದ ಮೇಲೆ ಸಿದ್ದಾಪುರದ ಅಡಿಕೆಯಲ್ಲಿ ಎಷ್ಟು ಪಾಲು ಸಾಗರಕ್ಕೆ ತಿರುಗಿತು, ಎಷ್ಟು ಶಿರಸಿಗೇ ಬಂತು ಎಂಬುದು ಸಂಘಗಳ ಹಳೆಯ ಆವಕ ಪುಸ್ತಕಗಳನ್ನು ಊರುವಾರು ಪರಿಶೀಲಿಸಿದಾಗಲೇ ಇತ್ಯರ್ಥವಾಗಬೇಕು.