ಗಾಯದ ದಿನದ ಕೂಲಿ

2007ರ ಫೆಬ್ರವರಿ 3, ಶನಿವಾರ. ಲಂಡನ್ನಿನ ಟ್ವಿಕನ್‌ಹ್ಯಾಮ್ ಮೈದಾನದಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ರಗ್ಬಿ ತಂಡಗಳು ಎದುರುಬದುರಾಗಿದ್ದವು. ಈ ಎರಡು ತಂಡಗಳು ಆಡುವುದು ಕಲ್ಕತ್ತಾ ಕಪ್‌ಗಾಗಿ. ಹೆಸರಿಗೆ ಮಾತ್ರ ಅಲ್ಲ, ಅದು ನಿಜಕ್ಕೂ ನಮ್ಮ ಕಲ್ಕತ್ತಾದ್ದೇ. 1873ರಲ್ಲಿ ಅಲ್ಲಿನ ಬ್ರಿಟಿಷರು ಕಟ್ಟಿದ ರಗ್ಬಿ ಕ್ಲಬ್ಬು ನಾಲ್ಕೈದು ವರ್ಷಕ್ಕೇ ಸೊರಗಿತು. ಬಾಗಿಲು ಹಾಕುವ ಮುಂಚೆ ಸದಸ್ಯರು ಬ್ಯಾಂಕಿನಲ್ಲಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ತೆಗೆಸಿ, ಕರಗಿಸಿ, ಒಂದು ಬಟ್ಟಲು ಮಾಡಿಸಿ ಇಂಗ್ಲೆಂಡಿನ ರಗ್ಬಿ ಯೂನಿಯನ್ನಿಗೆ ಕೊಟ್ಟರು. ಅದಕ್ಕೆ ಮೂರು ಹಿಡಿಕೆ, ಮೂರೂ ನಾಗರಹಾವು. ಮುಚ್ಚಳದ ಮೇಲೊಂದು ಆನೆ. 1879ರಿಂದ ಎರಡು ದೇಶಗಳು ಅದಕ್ಕಾಗಿ ಸೆಣಸುತ್ತಿವೆ.

ಆ ದಿನ ಜನ ಕಾದಿದ್ದು ಮಾತ್ರ ಬಟ್ಟಲಿಗಾಗಿ ಅಲ್ಲ, ಒಬ್ಬ ಆಟಗಾರನಿಗಾಗಿ. ಹತ್ತನೇ ನಂಬರಿನ ಅಂಗಿ ತೊಟ್ಟು ಮೈದಾನಕ್ಕಿಳಿದ ಜಾನಿ ವಿಲ್ಕಿನ್ಸನ್ ಇಂಗ್ಲೆಂಡಿಗಾಗಿ ಅದಕ್ಕೆ ಹಿಂದೆ ಆಡಿದ್ದು 1169 ದಿನಗಳ ಮುಂಚೆ. ಆ ಹಿಂದಿನ ಪಂದ್ಯ ಯಾವುದು ಗೊತ್ತೆ? 2003ರ ನವೆಂಬರ್ 22ರಂದು ಸಿಡ್ನಿಯಲ್ಲಿ ನಡೆದ ವಿಶ್ವಕಪ್ ಫೈನಲ್. ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ತನ್ನ ಎಂದಿನ ಎಡಗಾಲನ್ನು ಬಿಟ್ಟು ಬಲಗಾಲಿನಿಂದ ಡ್ರಾಪ್ ಗೋಲ್ ಹೊಡೆದು ಆಸ್ಟ್ರೇಲಿಯವನ್ನು 20–17ರಿಂದ ಸೋಲಿಸಿದವನು ಆತ. ಆಗ ವಯಸ್ಸು 24.

ಮುಂದಿನ ಮೂರು ವರ್ಷ ಆತನ ದೇಹ ಒಂದೊಂದಾಗಿ ಲೆಕ್ಕ ಚುಕ್ತಾ ಮಾಡಿಕೊಂಡಿತು. ಮೊದಲು ಕುತ್ತಿಗೆಯ ನರ, ಅದಕ್ಕೆ ಶಸ್ತ್ರಚಿಕಿತ್ಸೆ. ಆಮೇಲೆ ತೋಳಿನ ಸ್ನಾಯುವಿನೊಳಗೆ ರಕ್ತ ಕಟ್ಟಿತು. ನಂತರ ಮಂಡಿಯ ಲಿಗಮೆಂಟ್, ಅದು ಸರಿಹೋಯಿತು ಅನ್ನುವಷ್ಟರಲ್ಲಿ ಮತ್ತೆ ಅದೇ ಮಂಡಿ. ಅಪೆಂಡಿಕ್ಸ್. ಹರ್ನಿಯಾ. 2006ರ ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ನಡುವೆ ಕ್ಲಬ್ಬಿಗೆ ಅಷ್ಟಿಷ್ಟು ಆಡಿದ, ಒಮ್ಮೆ ಬ್ರಿಟಿಷ್ ಲಯನ್ಸ್ ತಂಡದ ಜೊತೆ ನ್ಯೂಜಿಲೆಂಡಿಗೂ ಹೋಗಿ ಬಂದ. ಇಂಗ್ಲೆಂಡಿನ ಅಂಗಿ ಮಾತ್ರ ದೂರವೇ ಉಳಿಯಿತು. ಕೊನೆಗೂ ಮರಳಿದ ದಿನ ಟ್ರೈ, ಕನ್ವರ್ಷನ್, ಪೆನಾಲ್ಟಿ, ಡ್ರಾಪ್ ಗೋಲ್ ಎಲ್ಲ ಬಗೆಯಲ್ಲೂ ಅಂಕ ಗಳಿಸಿ ಒಟ್ಟು 27 ಸೇರಿಸಿದ. ಇಂಗ್ಲೆಂಡ್ 42–20ರಿಂದ ಗೆದ್ದಿತು.

ಕೇಳಲು ಚೆಂದದ ಕಥೆ. ಬಿದ್ದವನು ಎದ್ದ, ಛಲ ಗೆದ್ದಿತು. ಆದರೆ ಗಾಯಗೊಂಡು ಮರಳಿದವರ ಕಥೆಯನ್ನೇ ನಾವು ಕೇಳುತ್ತೇವೆ, ಮರಳದವರದು ನಮ್ಮ ತನಕ ಬರುವುದಿಲ್ಲ. ರಗ್ಬಿಯ ಸುಮಾರು ನೂರೈವತ್ತು ವರ್ಷಗಳ ಇತಿಹಾಸವನ್ನು ಗಾಯದ ಕಡೆಯಿಂದ ಓದುತ್ತಾ ಹೋದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಆಟದಲ್ಲಾದ ಗಾಯದ ಬೆಲೆ ಕಟ್ಟಬೇಕಾದವರು ಯಾರು?

ರಗ್ಬಿ ನೋಡದವರಿಗೆ ಎರಡು ಮಾತು. ತಂಡಕ್ಕೆ 15 ಜನ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು, ಆದರೆ ಕೈಯಿಂದ ಹಿಂದಕ್ಕೆ ಅಥವಾ ಪಕ್ಕಕ್ಕೆ ಮಾತ್ರ ಎಸೆಯಬೇಕು. ಚೆಂಡು ಹಿಡಿದವನನ್ನು ಎದುರಾಳಿ ತಬ್ಬಿ ಕೆಡವಬಹುದು. ಅದು ಟ್ಯಾಕಲ್. ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು ಹಿಡಿಯುವುದನ್ನು ನೆನೆಯಿರಿ. ಹಿಡಿಯುವವನೂ ಹಿಡಿಸಿಕೊಳ್ಳುವವನೂ ಇಪ್ಪತ್ತು ಮೀಟರ್ ದೂರದಿಂದ ಓಡಿ ಬಂದರೆ ಹೇಗೋ ಹಾಗೆ. ಅಂದರೆ ಡಿಕ್ಕಿ ಈ ಆಟದಲ್ಲಿ ಅಪಘಾತವಲ್ಲ, ಆಟವೇ ಅದು.

ಶುರುವಿನಲ್ಲಿ ಇದು ಇನ್ನೂ ಒರಟಾಗಿತ್ತು. ರಗ್ಬಿ ಶಾಲೆಯ ಹುಡುಗರು 1845ರಲ್ಲಿ ಬರೆದಿಟ್ಟ ನಿಯಮಗಳಲ್ಲಿ ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯುವುದಕ್ಕೆ ಅವಕಾಶವಿತ್ತು. ಅದಕ್ಕೆ ಹ್ಯಾಕಿಂಗ್ ಎಂದು ಹೆಸರು. 1863ರಲ್ಲಿ ಲಂಡನ್ನಿನ ಕ್ಲಬ್ಬುಗಳು ಕೂಡಿ ಫುಟ್‌ಬಾಲಿಗೆ ಒಂದೇ ನಿಯಮ ಮಾಡಲು ಹೊರಟಾಗ ಜಗಳ ಹತ್ತಿದ್ದು ಚೆಂಡನ್ನು ಹಿಡಿದು ಓಡುವುದರ ಜೊತೆಗೆ ಈ ಒದೆತದ ಮೇಲೆಯೇ. ಒದೆಯುವುದನ್ನು ತೆಗೆದರೆ ಆಟದ ಗಂಡಸುತನವೇ ಹೋಗುತ್ತದೆ ಎಂಬುದು ಬ್ಲ್ಯಾಕ್‌ಹೀತ್ ಕ್ಲಬ್ಬಿನ ವಾದ. ಒಪ್ಪಿಗೆಯಾಗದೆ ಅವರು ಹೊರನಡೆದರು. ಒದೆತ ಬಿಟ್ಟವರದು ಇಂದಿನ ಫುಟ್‌ಬಾಲ್ ಆಯಿತು, ಹೊರನಡೆದವರದು ರಗ್ಬಿ. ಆದರೆ 1870ರಲ್ಲಿ ಒಬ್ಬ ಶಸ್ತ್ರವೈದ್ಯರು ರಗ್ಬಿ ಶಾಲೆಯ ಹುಡುಗರಿಗೆ ಆಗುತ್ತಿದ್ದ ಗಾಯಗಳ ಬಗ್ಗೆ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದ ಪತ್ರ ಗದ್ದಲವೆಬ್ಬಿಸಿತು. ಮರುವರ್ಷ, 1871ರಲ್ಲಿ ಹುಟ್ಟಿದ ರಗ್ಬಿ ಫುಟ್‌ಬಾಲ್ ಯೂನಿಯನ್ ತನ್ನ ಮೊದಲ ನಿಯಮಾವಳಿಯಲ್ಲೇ ಹ್ಯಾಕಿಂಗ್ ನಿಷೇಧಿಸಿತು.

ಒದೆತ ಹೋಯಿತು, ಗಾಯ ಹೋಗಲಿಲ್ಲ. ಇಂಗ್ಲೆಂಡಿನ ದಕ್ಷಿಣದಲ್ಲಿ ಆಟ ಆಡುತ್ತಿದ್ದವರು ಹೆಚ್ಚಾಗಿ ಉಳ್ಳವರ ಮಕ್ಕಳು. ಕಾಲು ಮುರಿದರೆ ಮನೆಯಲ್ಲಿ ಮಲಗಿ ಪುಸ್ತಕ ಓದಬಹುದಾಗಿತ್ತು. ಉತ್ತರದ ಯಾರ್ಕ್‌ಶೈರ್, ಲ್ಯಾಂಕಶೈರ್‌ಗಳಲ್ಲಿ ಆಡುತ್ತಿದ್ದವರು ಕಲ್ಲಿದ್ದಲ ಗಣಿಯವರು, ಗಿರಣಿಯವರು. ಶನಿವಾರ ಕೆಲಸ ಬಿಟ್ಟು ಆಡಿದರೆ ಆ ದಿನದ ಕೂಲಿ ಹೋಗುತ್ತಿತ್ತು. ಕಾಲಿಗೆ ಪೆಟ್ಟಾದರೆ ವಾರಗಟ್ಟಲೆ ಒಲೆ ಉರಿಯುವುದೇ ಕಷ್ಟ. ಪ್ರೇಕ್ಷಕರು ಬಾಗಿಲಲ್ಲಿ ಕೊಟ್ಟ ಹಣ ಕ್ಲಬ್ಬಿನ ಪೆಟ್ಟಿಗೆಗೆ ಹೋಗುತ್ತಿತ್ತು. ಆಡಿದವನಿಗೆ ಒಂದು ಕಾಸೂ ಕೊಡಕೂಡದು, ಇದು ಹವ್ಯಾಸಿ ಆಟ ಎಂಬುದು ಯೂನಿಯನ್ನಿನ ನಿಲುವು.

1893ರಲ್ಲಿ ಯಾರ್ಕ್‌ಶೈರಿನವರು ಒಂದು ಠರಾವು ತಂದರು. ಸಂಬಳ ಬೇಡ, ಆಟಕ್ಕಾಗಿ ಕಳೆದುಕೊಂಡ ಕೂಲಿಯನ್ನಾದರೂ ತುಂಬಿ ಕೊಡಲು ಬಿಡಿ ಎಂದು. 282ಕ್ಕೆ 136 ಮತಗಳಿಂದ ಠರಾವು ಬಿದ್ದುಹೋಯಿತು. ಎರಡು ವರ್ಷದ ನಂತರ, 1895ರ ಆಗಸ್ಟ್ 29ರಂದು, ಉತ್ತರದ ಕ್ಲಬ್ಬುಗಳು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿ ಬೇರೆ ಮನೆ ಹೂಡಿದವು. ದಿನಕ್ಕೆ 6 ಶಿಲ್ಲಿಂಗ್ ಪರಿಹಾರ ಎಂದು ಗೊತ್ತುಮಾಡಿದವು. ಇಂದು ರಗ್ಬಿ ಲೀಗ್ ಎಂದು ಕರೆಯುವ ಬೇರೆಯೇ ಆಟ ಬೆಳೆದದ್ದು ಈ ಆರು ಶಿಲ್ಲಿಂಗಿನಿಂದ. ಒಂದು ಆಟ ಎರಡಾಗಿ ಒಡೆದದ್ದು ನಿಯಮಕ್ಕಾಗಿ ಅಲ್ಲ, ಹೋದ ದಿನದ ಕೂಲಿಗಾಗಿ ಎಂಬುದನ್ನು ನೆನಪಿಡಬೇಕು.

ಯೂನಿಯನ್ ರಗ್ಬಿ ಮುಂದಿನ ನೂರು ವರ್ಷ ಹವ್ಯಾಸಿಯಾಗಿಯೇ ಉಳಿಯಿತು. ಆ ಕಾಲದ ಇನ್ನೊಂದು ವಿಚಿತ್ರ ಕೇಳಿ. ಅಂತರರಾಷ್ಟ್ರೀಯ ಪಂದ್ಯದಲ್ಲಿ ಗಾಯಗೊಂಡವನ ಬದಲಿಗೆ ಇನ್ನೊಬ್ಬನನ್ನು ಇಳಿಸುವಂತಿರಲಿಲ್ಲ. ಒಬ್ಬ ಹೊರಹೋದರೆ ತಂಡ 14 ಜನರಲ್ಲೇ ಆಡಬೇಕು. ಹಾಗಾಗಿ ಯಾರೂ ಹೊರಹೋಗುತ್ತಿರಲಿಲ್ಲ, ಕುಂಟಿಕೊಂಡಾದರೂ ನಿಂತಿರುತ್ತಿದ್ದರು. 1968ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಲಯನ್ಸ್ ತಂಡದ ಬ್ಯಾರಿ ಜಾನ್ ಕೊರಳೆಲುಬು ಮುರಿದುಕೊಂಡಾಗ ಮೈಕ್ ಗಿಬ್ಸನ್ ಅವರ ಜಾಗಕ್ಕಿಳಿದರು. ಅಂತರರಾಷ್ಟ್ರೀಯ ರಗ್ಬಿಯ ಮೊದಲ ಬದಲಿ ಆಟಗಾರ ಅವರೇ.

ನಿಯಮ ಬದಲಾದರೂ ಮನಸ್ಸು ಬದಲಾಗಲಿಲ್ಲ. 1970ರಲ್ಲಿ ನ್ಯೂಜಿಲೆಂಡಿನ ಕಾಲಿನ್ ಮೀಡ್ಸ್ ಮುರಿದ ತೋಳಿನಲ್ಲೇ ಪಂದ್ಯ ಮುಗಿಸಿದ್ದನ್ನು ಆ ದೇಶ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ನಮ್ಮ ಗರಡಿಮನೆಯಲ್ಲೂ ನೋವಾಯಿತು ಅಂದವನಿಗೆ ಮರ್ಯಾದೆ ಕಡಿಮೆ ತಾನೆ? ಹಿರಿಯರ ಇಂಥ ಕಥೆ ಕೇಳಿ ಬೆಳೆದ ಹುಡುಗ ಮೊದಲು ಕಲಿಯುವುದು ನೋವನ್ನು ಮುಚ್ಚಿಡುವುದನ್ನು.

1995ರ ಆಗಸ್ಟ್ ಕೊನೆಯಲ್ಲಿ, ಹಡರ್ಸ್‌ಫೀಲ್ಡಿನ ಒಡಕಿಗೆ ಹೆಚ್ಚುಕಡಿಮೆ ಸರಿಯಾಗಿ ನೂರು ವರ್ಷ ತುಂಬಿದಾಗ, ಯೂನಿಯನ್ ರಗ್ಬಿಯೂ ಸಂಬಳದ ಆಟವಾಯಿತು. ಈಗ ಕೂಲಿ ಸಿಕ್ಕಿತು. ಆದರೆ ಆಟವೇ ಉದ್ಯೋಗವಾದ ಮೇಲೆ ಆಟಗಾರರು ಇಡೀ ವಾರ ವ್ಯಾಯಾಮಶಾಲೆಯಲ್ಲಿ ಮೈ ಬೆಳೆಸಿದರು. ತೂಕ ಹೆಚ್ಚಿತು, ವೇಗವೂ ಹೆಚ್ಚಿತು, ಡಿಕ್ಕಿ ಬಲವಾಯಿತು. ವಿಲ್ಕಿನ್ಸನ್ ಈ ಹೊಸ ಕಾಲದ ಕೂಸು. 1998ರಲ್ಲಿ 18ನೇ ವಯಸ್ಸಿಗೇ ಇಂಗ್ಲೆಂಡಿಗೆ ಆಡಿದ. ಹತ್ತನೇ ನಂಬರಿನವನ ಕೆಲಸ ಚೆಂಡು ಹಂಚುವುದು, ಒದೆಯುವುದು. ದೊಡ್ಡ ಆಳುಗಳನ್ನು ಕೆಡವುವುದು ಬೇರೆಯವರ ಪಾಲಿಗೆ ಎಂಬ ರೂಢಿಯಿತ್ತು. ಈತ ಅದನ್ನು ಮುರಿದ. ತನಗಿಂತ ಎಷ್ಟೋ ಭಾರದವರ ಮೇಲೆ ಬಿದ್ದು ಕೆಡವಿದ. ಯಾವ ಗುಣಕ್ಕಾಗಿ ಅವನನ್ನು ಹೊಗಳಿದರೋ ಅದೇ ಗುಣ ಅವನ ಕುತ್ತಿಗೆ, ಭುಜಗಳನ್ನು ತಿಂದಿತು.

ಆದರೂ ಅವನಿಗೆ ಹೆಸರಿತ್ತು, ವಿಶ್ವಕಪ್ ಇತ್ತು. ಕಾಯುವ ಕ್ಲಬ್ಬಿತ್ತು. 19–20ರ ಹುಡುಗನಿಗೆ ಇವು ಯಾವುವೂ ಇರುವುದಿಲ್ಲ. ಮಂಡಿಯ ಒಳಗಿನ ಮುಖ್ಯ ಲಿಗಮೆಂಟ್ ಹರಿದರೆ ಶಸ್ತ್ರಚಿಕಿತ್ಸೆ, ಆಮೇಲೆ ಸುಮಾರು ಒಂಬತ್ತು ತಿಂಗಳ ವ್ಯಾಯಾಮ. ಮೂವತ್ತರವನಿಗೆ ಅದು ಒಂದು ಹಂಗಾಮು. ಹುಡುಗನಿಗೆ ಅದೇ ಹಂಗಾಮಿನಲ್ಲಿ ಆಯ್ಕೆ ನಡೆಯುತ್ತದೆ, ಕರಾರು ಮುಗಿಯುತ್ತದೆ, ಪಕ್ಕದವನು ಅವನ ಜಾಗಕ್ಕೆ ಬರುತ್ತಾನೆ.

ಜೇಮ್ಸ್ ಸಿಂಪ್ಸನ್-ಡೇನಿಯಲ್ ಅವರನ್ನು ನೋಡಿ. 2002ರ ಮೇ ತಿಂಗಳಲ್ಲಿ, ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಬಾರ್ಬೇರಿಯನ್ಸ್ ತಂಡದ ವಿರುದ್ಧ ಟ್ವಿಕನ್‌ಹ್ಯಾಮ್‌ನಲ್ಲಿ ಜೋನಾ ಲೋಮು ಎಂಬ ದೈತ್ಯನನ್ನೇ ತಪ್ಪಿಸಿ ಓಡಿದರು. ಮುಂದಿನ ಹತ್ತು ವರ್ಷ ಇವರದೇ ಎಂದು ಎಲ್ಲರೂ ಅಂದರು. ಗಾಯ, ಕಾಯಿಲೆಗಳ ಸರಪಳಿಯಲ್ಲಿ ಇಂಗ್ಲೆಂಡಿಗೆ ಆಡಿದ್ದು 10 ಪಂದ್ಯ. 2014ರಲ್ಲಿ ಕಾಲಿನ ಗಾಯದಿಂದಲೇ ಆಟ ಬಿಟ್ಟರು. ಕೌಶಲದಲ್ಲಿ ಸೋತವರಲ್ಲ, ಸೋಲುವ ಅವಕಾಶವೂ ಸಿಗದವರು.

ಒಬ್ಬನ ಗಾಯ ಇನ್ನೊಬ್ಬನ ಬಾಗಿಲು ಎಂಬುದೂ ನಿಜ. 2011ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಹತ್ತನೇ ನಂಬರಿನ ಡಾನ್ ಕಾರ್ಟರ್ ಅಭ್ಯಾಸದ ವೇಳೆ ತೊಡೆಸಂದು ಕೆಡಿಸಿಕೊಂಡರು. ಬದಲಿಗೆ ಬಂದ ಕಾಲಿನ್ ಸ್ಲೇಡ್ ಕ್ವಾರ್ಟರ್ ಫೈನಲ್‌ನಲ್ಲಿ ಬಿದ್ದರು. ಮೂರನೆಯವರು 22ರ ಆರನ್ ಕ್ರೂಡನ್. ಫೈನಲ್‌ನಲ್ಲಿ ಅವರ ಮಂಡಿ ತಿರುಚಿತು. ತಂಡಕ್ಕೇ ಆಯ್ಕೆಯಾಗದೆ ವೈಕಾಟೋ ನದಿಯಲ್ಲಿ ಮೀನು ಹಿಡಿಯುತ್ತಿದ್ದ ಸ್ಟೀಫನ್ ಡೊನಾಲ್ಡ್ ಅವರಿಗೆ ಕರೆ ಹೋಗಿತ್ತು. ಫೈನಲ್‌ನಲ್ಲಿ ಅವರು ಒದ್ದ ಪೆನಾಲ್ಟಿಯಿಂದ ನ್ಯೂಜಿಲೆಂಡ್ 8–7ರಿಂದ ಗೆದ್ದಿತು. ಡೊನಾಲ್ಡ್ ಕಥೆ ಎಲ್ಲರ ಬಾಯಲ್ಲಿದೆ. ಸ್ಲೇಡ್ ಹೆಸರು ಎಷ್ಟು ಜನಕ್ಕೆ ನೆನಪಿದೆ?

ಇಲ್ಲಿಯವರೆಗೆ ಹೇಳಿದ್ದು ವೃತ್ತಿ ಕಳೆದುಕೊಂಡವರ ಮಾತು. ಅದಕ್ಕಿಂತ ಹೆಚ್ಚು ಕಳೆದುಕೊಂಡವರಿದ್ದಾರೆ. 2005ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ 21 ವರ್ಷದೊಳಗಿನವರ ತಂಡದ ಅಭ್ಯಾಸ ನಾರ್ಥಾಂಪ್ಟನ್‌ನಲ್ಲಿ ನಡೆದಿತ್ತು. ಸ್ಕ್ರಮ್ ಎಂದರೆ ಎರಡೂ ಕಡೆಯ ಎಂಟೆಂಟು ಜನ ತಲೆ ಬಗ್ಗಿಸಿ ಭುಜಕ್ಕೆ ಭುಜ ಕೊಟ್ಟು ನೂಕಾಡುವುದು. ಅದು ಕುಸಿದು ಮೊದಲ ಸಾಲಿನ ಮ್ಯಾಟ್ ಹ್ಯಾಂಪ್ಸನ್ ಎಂಬ 20ರ ಯುವಕನ ಕುತ್ತಿಗೆ ಮುರಿಯಿತು. ರೆಫರಿ ಟೋನಿ ಸ್ಪ್ರೆಡ್‌ಬರಿ ವೃತ್ತಿಯಿಂದ ಆಂಬುಲೆನ್ಸ್ ಚಿಕಿತ್ಸಕರಾಗಿದ್ದುದರಿಂದ ಜೀವ ಉಳಿಯಿತು. ಹ್ಯಾಂಪ್ಸನ್ ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡರು, ಉಸಿರಾಟಕ್ಕೂ ಯಂತ್ರವೇ ಆಧಾರ. ಅವರು ತಮ್ಮ ಹೆಸರಿನ ಪ್ರತಿಷ್ಠಾನ ಕಟ್ಟಿ ಆಟದಲ್ಲಿ ತೀವ್ರ ಗಾಯಗೊಂಡ ಯುವಕರಿಗೆ ನೆರವಾಗುತ್ತಿದ್ದಾರೆ. ಎರಡು ತಂಡಗಳು ಒಮ್ಮೆಲೇ ಢಿಕ್ಕಿ ಹೊಡೆಯದಂತೆ ರೆಫರಿ ಹಂತಹಂತವಾಗಿ ಅಪ್ಪಣೆ ಕೊಡುವ ಕ್ರಮ 2007ರಲ್ಲಿ ಬಂತು, 2013ರಲ್ಲಿ ಇನ್ನಷ್ಟು ಬಿಗಿಯಾಯಿತು.

ಕಣ್ಣಿಗೆ ಕಾಣುವ ಗಾಯಕ್ಕೆ ಹೀಗೆ ನಿಯಮ ಬರುತ್ತದೆ. ಕಾಣದ ಗಾಯ ತಲೆಯದು. ಕೆನಡಾದ ಒಟ್ಟಾವಾದಲ್ಲಿ ರೋವನ್ ಸ್ಟ್ರಿಂಗರ್ ಎಂಬ 17ರ ಹುಡುಗಿ ತನ್ನ ಶಾಲಾ ತಂಡದ ನಾಯಕಿ. 2013ರ ಮೇ ತಿಂಗಳಲ್ಲಿ ಒಂದೇ ವಾರದೊಳಗೆ ಆಕೆಯ ತಲೆಗೆ ಮೂರು ಸಲ ಪೆಟ್ಟು ಬಿತ್ತು. ಏನೋ ಸರಿಯಿಲ್ಲ ಎಂಬ ಅನುಮಾನ ಆಕೆಗೇ ಬಂದು ಇಂಟರ್‌ನೆಟ್ಟಿನಲ್ಲಿ ಲಕ್ಷಣಗಳನ್ನು ಹುಡುಕಿದ್ದಳು. ಮನೆಯವರಿಗೆ ಹೇಳಲಿಲ್ಲ, ಆಡಿದಳು. ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳದ ಮಿದುಳಿಗೆ ಮತ್ತೊಂದು ಪೆಟ್ಟು ಬಿದ್ದರೆ ಅದು ಊದಿಕೊಂಡು ಪ್ರಾಣಕ್ಕೇ ಬರಬಹುದು. ಆದದ್ದು ಅದೇ. ಒಂಟಾರಿಯೊ ಪ್ರಾಂತ್ಯ 2018ರಲ್ಲಿ ಆಕೆಯ ಹೆಸರಿನಲ್ಲೇ ಕಾನೂನು ಮಾಡಿತು: ತಲೆಗೆ ಪೆಟ್ಟಾಯಿತೆಂಬ ಅನುಮಾನ ಬಂದರೆ ಆಟಗಾರರನ್ನು ಹೊರತರಲೇಬೇಕು, ವೈದ್ಯರು ನೋಡದೆ ಮರಳಿ ಆಡಿಸಕೂಡದು. ಮುರಿದ ತೋಳಿನ ಮೀಡ್ಸ್ ಕಥೆಗೆ ಇದು ತಡವಾಗಿ ಬಂದ ಉತ್ತರ. ಆಡುವುದೋ ಬಿಡುವುದೋ ಎಂಬ ತೀರ್ಮಾನವನ್ನು ಆಡುವ ಮಗುವಿನ ಧೈರ್ಯಕ್ಕೆ ಬಿಡಬಾರದು ಎಂಬುದೇ ಅದರ ಸಾರ.

ಮತ್ತೆ ಸಿಡ್ನಿಯ ಆ ರಾತ್ರಿಗೆ ಬರೋಣ. ವಿಲ್ಕಿನ್ಸನ್ ಜೊತೆ ಫೈನಲ್ ಆಡಿದ ಸ್ಟೀವ್ ಥಾಂಪ್ಸನ್ 2020ರ ಡಿಸೆಂಬರ್‌ನಲ್ಲಿ, 42ನೇ ವಯಸ್ಸಿಗೆ, ತನಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ಹೇಳಿಕೊಂಡರು. ವಿಶ್ವಕಪ್ ಗೆದ್ದದ್ದೇ ಅವರ ನೆನಪಿನಲ್ಲಿಲ್ಲ. ಅವರೂ ಇತರ ಹಲವು ಮಾಜಿ ಆಟಗಾರರೂ ಆಟದ ಆಡಳಿತ ಸಂಸ್ಥೆಗಳ ಮೇಲೆ ದಾವೆ ಹೂಡಿದರು. ವಿಲ್ಕಿನ್ಸನ್ ಅದೃಷ್ಟ ಬೇರೆ. ಫ್ರಾನ್ಸಿನ ಟೂಲಾನ್ ಕ್ಲಬ್ಬಿಗೆ ಹೋಗಿ 2014ರಲ್ಲಿ ಯುರೋಪಿನ ಮತ್ತು ಫ್ರಾನ್ಸಿನ ಎರಡೂ ಪ್ರಶಸ್ತಿ ಗೆದ್ದು 35ಕ್ಕೆ ನಿವೃತ್ತಿಯಾದರು. ಆದರೂ ಆ ವರ್ಷಗಳ ಆತಂಕ, ಖಿನ್ನತೆಗಳ ಬಗ್ಗೆ ಅವರು ಮುಚ್ಚುಮರೆಯಿಲ್ಲದೆ ಮಾತಾಡಿದ್ದಾರೆ.

ಇದೆಲ್ಲ ನಮಗೆ ದೂರದ ಮಾತೆ? 2025ರ ಜೂನ್‌ನಲ್ಲಿ ಮುಂಬೈಯ ಅಂಧೇರಿಯಲ್ಲಿ ಭಾರತದ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಏಳೇಳು ಜನರ ಆಟ, ಆರು ತಂಡ. ಅವುಗಳಲ್ಲಿ ಬೆಂಗಳೂರಿನದೂ ಒಂದು, ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯವೂ ಇದ್ದವು. ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರ ಮಗಳೋ ಮಗನೋ ನಾಳೆ ಆ ಮೊಟ್ಟೆ ಚೆಂಡು ಹಿಡಿದು ಮನೆಗೆ ಬರಬಹುದು. ಬಂದರೆ ಬೇಡ ಅನ್ನಬೇಕಿಲ್ಲ, ಚೆಂದದ ಆಟ ಅದು. ತರಬೇತಿಗೆ ಸೇರಿಸುವಾಗ ಪದಕ ಎಷ್ಟು ಬಂದಿವೆ ಎಂದು ಕೇಳುವ ಮುಂಚೆ ಬೇರೆ ಮಾತು ಕೇಳಿ. ಪೆಟ್ಟಾದಾಗ ಹೊರಗೆ ಕರೆಯುವವರು ಯಾರು? ಎಂಟು–ಒಂಬತ್ತು ತಿಂಗಳು ಮಂಡಿಗೆ ಪಟ್ಟಿ ಕಟ್ಟಿಕೊಂಡು ಕೂತರೆ ಅವರ ಜಾಗ ಉಳಿದಿರುತ್ತದೆಯೆ? ಆಟ ಬಿಡಬೇಕಾಗಿ ಬಂದರೆ ಓದು ಕೈಯಲ್ಲಿದೆಯೆ?

ಯಾರ್ಕ್‌ಶೈರಿನ ಗಣಿ ಕೆಲಸಗಾರರು 1893ರಲ್ಲಿ ಕೇಳಿದ್ದೂ ಇಷ್ಟನ್ನೇ. ಅವರಿಗೆ ಸಿಕ್ಕ ಮತ 136.